ಗಾರ್ಡನ್ ಸಿಟಿಗೆ ಬಂದವರು, ಅಲ್ಲಿ ಇದ್ದವರು

(ಅಮೆರಿಕದ ಒಂದು ಕನ್ನಡ ಸಂಘದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಾರ್ಡನ್ ಸಿಟಿ ಅಂದ ಕೂಡಲೇ ನಮಗೆಲ್ಲ ಬೆಂಗಳೂರು ನೆನಪಾಗುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಇನ್ನೊಂದು ಗಾರ್ಡನ್ ಸಿಟಿಯ ಬಗ್ಗೆ. ಇದು ಕ್ಯಾನ್ಸಸ್ ರಾಜ್ಯದ ನೈಋತ್ಯ ಮೂಲೆಯಲ್ಲಿದೆ. ಫಿನ್ನಿ ಕೌಂಟಿಯ ಮುಖ್ಯ ಊರು. 2020ರ ಜನಗಣತಿಯ ಪ್ರಕಾರ 28,151 ಜನ. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು ಅಂದುಕೊಳ್ಳಿ. ರಾಜ್ಯದ ದೊಡ್ಡ ನಗರ ವಿಚಿಟಾದಿಂದ ಪಶ್ಚಿಮಕ್ಕೆ ಮೂರೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಗೋಧಿ ಹೊಲ, ಜೋಳದ ಹೊಲ, ಅಲ್ಲಲ್ಲಿ ಸಿಮೆಂಟಿನ ಎತ್ತರದ ಕಣಜಗಳು. ಊರು ಹತ್ತಿರ ಬಂತು ಅಂತ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಅಷ್ಟು ದನಗಳನ್ನು ಕೂಡಿ ಸಾಕುವ ಫೀಡ್‌ಲಾಟ್‌ಗಳು ಸುತ್ತಮುತ್ತ ಇವೆ.

ಕ್ಯಾನ್ಸಸ್ ಅಂದರೆ ಬಿಳಿಯ ರೈತರ ನಾಡು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಈ ಊರಿನಲ್ಲಿ ಸುಮಾರು ಅರ್ಧ ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು. ಅವರಲ್ಲಿ ಮೆಕ್ಸಿಕೊದವರಿದ್ದಾರೆ, ಗ್ವಾಟೆಮಾಲಾದವರಿದ್ದಾರೆ. ಅವರಲ್ಲದೆ ವಿಯೆಟ್ನಾಮಿನವರು, ಲಾವೋಸಿನವರು, ಸೊಮಾಲಿಗಳು, ಬರ್ಮಾದಿಂದ ಬಂದವರು ಇದ್ದಾರೆ. ಶಾಲೆಯ ಮಕ್ಕಳ ಮನೆಮಾತುಗಳನ್ನು ಪಟ್ಟಿ ಮಾಡಿದರೆ ಎರಡು ಡಜನ್ ದಾಟುತ್ತದೆ.

ಮೊದಲ ಸಲ ಅಲ್ಲಿಗೆ ಹೋದಾಗ ನಾನು ಒಂದು ವಿಯೆಟ್ನಾಮಿ ದಿನಸಿ ಅಂಗಡಿಗೆ ಹೊಕ್ಕೆ. ಒಂದು ಕಡೆ ಮೀನಿನ ಸಾಸಿನ ಬಾಟಲಿಗಳು, ಪಕ್ಕದಲ್ಲೇ ಮೆಕ್ಸಿಕನ್ ಒಣಮೆಣಸಿನಕಾಯಿ, ಕೆಳಗೆ ನೆಲದ ಮೇಲೆ ಬಾಸ್ಮತಿ ಅಕ್ಕಿಯ ಮೂಟೆಗಳು. ತಲೆಗೆ ಬಟ್ಟೆ ಹೊದ್ದ ಸೊಮಾಲಿ ಹೆಂಗಸೊಬ್ಬರು ಒಂದು ಮೂಟೆ ಅಕ್ಕಿಯನ್ನು ತಳ್ಳುಗಾಡಿಗೆ ಹಾಕಿಸಿಕೊಳ್ಳುತ್ತಿದ್ದರು. ಗಲ್ಲಾದಲ್ಲಿ ಕೂತಿದ್ದ ವಿಯೆಟ್ನಾಮಿ ಅಜ್ಜಿ ಮುಂದಿನ ಗಿರಾಕಿಗೆ ಚಿಲ್ಲರೆಯನ್ನು ಸ್ಪ್ಯಾನಿಷ್‌ನಲ್ಲಿ ಎಣಿಸಿ ಕೊಡುತ್ತಿದ್ದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಸ್ಪ್ಯಾನಿಷ್ ಮಾತ್ರ ಸರಾಗ. ಯಾಕೆಂದರೆ ಅವರ ಅಂಗಡಿ ನಡೆಯುವುದೇ ಮೆಕ್ಸಿಕನ್ ಗಿರಾಕಿಗಳಿಂದ. ನಾನು ಕೊತ್ತಂಬರಿ ಸೊಪ್ಪು ತೆಗೆದುಕೊಂಡು ಬಂದೆ. ಆವತ್ತಿನಿಂದ ಈ ಊರು ಹೀಗೆ ಹೇಗಾಯಿತು ಅನ್ನುವುದರ ಬೆನ್ನು ಹತ್ತಿದ್ದೇನೆ.

ಹಲವು ಜನಾಂಗದವರು ಒಟ್ಟಿಗೆ ಬಾಳುವ ವಿಷಯ ಬಂದರೆ ನಾವು ಮನಸ್ಸಿನ ಮಾತು ಶುರು ಮಾಡುತ್ತೇವೆ. ಆ ಊರಿನವರ ಮನಸ್ಸು ದೊಡ್ಡದು, ಈ ಊರಿನವರದು ಸಣ್ಣದು ಅಂತ ತೀರ್ಪು ಕೊಡುತ್ತೇವೆ. ಗಾರ್ಡನ್ ಸಿಟಿಯ ಕಥೆ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಜನರನ್ನು ಅಲ್ಲಿಗೆ ತಂದದ್ದು ಕೂಲಿ. ಅಲ್ಲೇ ಉಳಿಸಿದ್ದು ಶಾಲೆ, ಬಾಡಿಗೆ ಮನೆ, ಪೊಲೀಸ್ ಠಾಣೆ, ಆಸ್ಪತ್ರೆಯ ದುಭಾಷಿ, ಇಂಥ ಸಾದಾ ವ್ಯವಸ್ಥೆಗಳು. ಮನಸ್ಸು ಅವುಗಳ ಹಿಂದೆ ನಿಧಾನವಾಗಿ ಬಂತು. ಕೆಲವರಲ್ಲಿ ಇನ್ನೂ ಬಂದಿಲ್ಲ.

ಹಾಗಾಗಿ ಮೊದಲು ಕೂಲಿಯ ವಿಷಯ.

ಆ ಸೀಮೆಯಲ್ಲಿ ಮಳೆ ಕಡಿಮೆ. ನೆಲದ ಅಡಿಯಲ್ಲಿ ಮಾತ್ರ ಒಗಲಾಲ ಅನ್ನುವ ದೊಡ್ಡ ಅಂತರ್ಜಲದ ಪದರ ಇದೆ. ದಕ್ಷಿಣ ಡಕೋಟದಿಂದ ಟೆಕ್ಸಸ್‌ವರೆಗೆ ಎಂಟು ರಾಜ್ಯಗಳ ಕೆಳಗೆ ಅದು ಹರಡಿಕೊಂಡಿದೆ. ಎರಡನೇ ಮಹಾಯುದ್ಧದ ನಂತರ ಪಂಪುಗಳು ಬಂದವು. ಒಂದು ನಡುಗಂಬದ ಸುತ್ತ ಚಕ್ರದ ಮೇಲೆ ಸುತ್ತುತ್ತಾ ನೀರು ಸಿಂಪಡಿಸುವ ಉದ್ದನೆಯ ಕೊಳವೆಗಳು ಬಂದವು. ವಿಮಾನದಿಂದ ಕೆಳಗೆ ನೋಡಿದರೆ ಹಸಿರು ವೃತ್ತಗಳು ಕಾಣುತ್ತವಲ್ಲ, ಅವೇ. ನೀರು ಬಂದ ಮೇಲೆ ಮೇವಿನ ಜೋಳ ಬಂತು, ಜೋಳದ ಹಿಂದೆ ದನಗಳು ಬಂದವು. ದನಗಳಿದ್ದ ಕಡೆಗೆ ಮಾಂಸದ ಕಾರ್ಖಾನೆಗಳು ಬಂದವು.

ಅದಕ್ಕೂ ಮುಂಚೆ ಈ ಕೆಲಸ ನಡೆಯುತ್ತಿದ್ದದ್ದು ಷಿಕಾಗೊ, ಕ್ಯಾನ್ಸಸ್ ಸಿಟಿಯಂಥ ದೊಡ್ಡ ನಗರಗಳಲ್ಲಿ. ದನಗಳನ್ನು ರೈಲಿನಲ್ಲಿ ಅಲ್ಲಿಗೆ ಸಾಗಿಸುತ್ತಿದ್ದರು. ಅಲ್ಲಿ ಕಾರ್ಮಿಕ ಸಂಘಗಳು ಗಟ್ಟಿಯಾಗಿದ್ದವು, ಸಂಬಳವೂ ಚೆನ್ನಾಗಿತ್ತು. 1960ರಲ್ಲಿ ಅಯೊವಾ ರಾಜ್ಯದಲ್ಲಿ ಹುಟ್ಟಿದ ಐಬಿಪಿ ಅನ್ನುವ ಮಾಂಸದ ಕಂಪನಿ ಈ ಲೆಕ್ಕವನ್ನೇ ಬದಲಾಯಿಸಿತು. ಕಾರ್ಖಾನೆಯನ್ನು ದನಗಳಿರುವ ಹಳ್ಳಿಗಾಡಿಗೆ ತಂದಿತು. ಇಡೀ ದೇಹವನ್ನು ಸಾಗಿಸುವ ಬದಲು ಅಲ್ಲೇ ತುಂಡು ಮಾಡಿ, ಪ್ಯಾಕ್ ಮಾಡಿ, ಪೆಟ್ಟಿಗೆಗೆ ತುಂಬಿ ಕಳಿಸುವ ಪದ್ಧತಿ ತಂದಿತು. ನುರಿತ ಕಟುಕನ ಕೆಲಸ ಪುಟ್ಟ ಪುಟ್ಟ ಕೆಲಸಗಳಾಗಿ ಒಡೆಯಿತು. ಅದನ್ನು ಯಾರಿಗೆ ಬೇಕಾದರೂ ಕೆಲವೇ ದಿನಗಳಲ್ಲಿ ಕಲಿಸಬಹುದು. ಸಂಬಳ ಇಳಿಯಿತು. 1971ರಲ್ಲಿ ಷಿಕಾಗೊದ ಯೂನಿಯನ್ ಸ್ಟಾಕ್‌ಯಾರ್ಡ್ಸ್ ಅನ್ನುವ ಹೆಸರಾಂತ ದನದ ಸಂತೆ ಬಾಗಿಲು ಹಾಕಿತು.

1980ರ ಡಿಸೆಂಬರ್‌ನಲ್ಲಿ ಗಾರ್ಡನ್ ಸಿಟಿಯ ಪಕ್ಕದ ಹಾಲ್ಕಂಬ್ ಹತ್ತಿರ ಐಬಿಪಿಯ ಕಾರ್ಖಾನೆ ಶುರುವಾಯಿತು. ಆಗ ಅದು ಜಗತ್ತಿನಲ್ಲೇ ಅತಿ ದೊಡ್ಡ ದನದ ಮಾಂಸದ ಕಾರ್ಖಾನೆ. ಈಗ ಅದು ಟೈಸನ್ ಕಂಪನಿಯದು. ದಿನಕ್ಕೆ ಸುಮಾರು 6,000 ದನಗಳನ್ನು ಕಡಿಯುವ ಸಾಮರ್ಥ್ಯ ಅದಕ್ಕಿದೆ. ಸ್ವಲ್ಪ ಕಾಲದಲ್ಲೇ ಊರಿನ ಅಂಚಿನಲ್ಲಿ ಇನ್ನೊಂದು ಕಾರ್ಖಾನೆಯೂ ನಡೆಯಲು ಶುರುವಾಯಿತು.

ಈ ಸಭೆಯಲ್ಲಿ ಮಾಂಸ ಮುಟ್ಟದವರು ತುಂಬ ಜನ ಇದ್ದೀರಿ, ನನಗೆ ಗೊತ್ತು. ಆದರೂ ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಕೇಳಿಸಿಕೊಳ್ಳಿ. ಇದು ಗೊತ್ತಾಗದಿದ್ದರೆ ಆ ಊರು ಅರ್ಥವಾಗುವುದಿಲ್ಲ. ದನ ಕಡಿಯುವ ವಿಭಾಗದಲ್ಲಿ ಸೆಕೆ, ಹಬೆ, ರಕ್ತ. ತುಂಡು ಮಾಡುವ ವಿಭಾಗದಲ್ಲಿ ಫ್ರಿಜ್ಜಿನ ಒಳಗಿನಷ್ಟು ಚಳಿ. ತಲೆಯ ಮೇಲೆ ಸರಪಳಿ ಓಡುತ್ತಿರುತ್ತದೆ, ಅದಕ್ಕೆ ತೂಗುಹಾಕಿದ ಮಾಂಸ ಒಂದರ ಹಿಂದೆ ಒಂದು ಬರುತ್ತಿರುತ್ತದೆ. ಕೆಲಸಗಾರರು ಭುಜಕ್ಕೆ ಭುಜ ತಾಗುವ ಹಾಗೆ ನಿಂತಿರುತ್ತಾರೆ. ತಲೆಗೆ ಹೆಲ್ಮೆಟ್, ಕೈಗೆ ಉಕ್ಕಿನ ಬಳೆಗಳಿಂದ ಹೆಣೆದ ಗವಸು, ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಚೂರಿ. ಒಬ್ಬರಿಗೆ ಒಂದೇ ಗೀರು. ಅದೇ ಗೀರು, ಅದೇ ಜಾಗದಲ್ಲಿ, ಇಡೀ ಪಾಳಿ. ಚೂರಿ ಮೊಂಡಾದರೆ ಮಣಿಕಟ್ಟು ಸೋಲುತ್ತದೆ. ಅದಕ್ಕೇ ನಡುವೆ ಸಿಕ್ಕ ಕ್ಷಣದಲ್ಲಿ ಉಕ್ಕಿನ ಕೋಲಿಗೆ ಚೂರಿ ಮಸೆದುಕೊಳ್ಳುತ್ತಾರೆ. ಗದ್ದಲ ಎಷ್ಟೆಂದರೆ ಪಕ್ಕದವನ ಜೊತೆ ಮಾತಾಡಲೂ ಆಗದು. ಮನೆಗೆ ಹೋಗಿ ಮಲಗಿದರೆ ಬೆಳಿಗ್ಗೆ ಬೆರಳು ಬಿಡಿಸಲು ಬರುವುದಿಲ್ಲ.

ಇಂಥ ಕೆಲಸ ಬಿಟ್ಟು ಹೋಗುವವರು ಜಾಸ್ತಿ. ಸುತ್ತಲಿನ ಊರುಗಳಲ್ಲಿ ಕೆಲಸವಿಲ್ಲದೆ ಕೂತವರು ಕಡಿಮೆ. ಕಂಪನಿ ದೂರದಿಂದ ಜನರನ್ನು ತರಲೇಬೇಕಾಯಿತು. ಮೊದಲು ಬಂದವರಲ್ಲಿ ವಿಯೆಟ್ನಾಮಿನವರು ಮುಖ್ಯರು. ಯುದ್ಧ ಮುಗಿದ ಮೇಲೆ ನಿರಾಶ್ರಿತರಾಗಿ ವಿಚಿಟಾಕ್ಕೆ ಬಂದು, ವಿಮಾನ ತಯಾರಿಕೆಯ ಕೆಲಸಕ್ಕೆ ಸೇರಿದ್ದವರು ಅವರು. 1980ರ ದಶಕದ ಮೊದಲಲ್ಲಿ ಅಲ್ಲಿ ಕೆಲಸ ಹೋದಾಗ ಗಾರ್ಡನ್ ಸಿಟಿಗೆ ಬಂದರು. ಜೊತೆಗೆ ಟೆಕ್ಸಸ್‌ನಿಂದ, ಮೆಕ್ಸಿಕೊದಿಂದ ಜನ ಬಂದರು. 1980ರಲ್ಲಿ 18,256 ಇದ್ದ ಜನಸಂಖ್ಯೆ 1990ಕ್ಕೆ 24,097 ಆಯಿತು.

ಮೆಕ್ಸಿಕನ್ನರು ಅಲ್ಲಿಗೆ ಹೊಸಬರೇನೂ ಅಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. 1900ರ ನಂತರದ ವರ್ಷಗಳಲ್ಲೇ ಸಾಂಟಾ ಫೆ ರೈಲುಹಾದಿಯ ಕೆಲಸಕ್ಕೆ, ಸಕ್ಕರೆ ಗೆಡ್ಡೆಯ ಹೊಲಗಳಲ್ಲಿ ಬಗ್ಗಿ ಕಳೆ ತೆಗೆಯಲು ಅವರ ಅಜ್ಜಂದಿರು ಬಂದಿದ್ದರು. 1906ರಲ್ಲಿ ಊರಿನಲ್ಲಿ ಸಕ್ಕರೆ ಕಾರ್ಖಾನೆ ಆಗಿತ್ತು. ಹಾಗೆಯೇ ಕ್ಯಾನ್ಸಸ್ ಕೂಡ ಯಾವತ್ತೂ ಒಂದೇ ಬಣ್ಣದ ನಾಡಲ್ಲ. ಅದು ಮೂಲದಲ್ಲಿ ಸ್ಥಳೀಯ ಬುಡಕಟ್ಟುಗಳ ನೆಲ. ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನ 1877ರಲ್ಲಿ ನಿಕೊಡೆಮಸ್ ಅನ್ನುವ ಊರು ಕಟ್ಟಿದ್ದು ಇದೇ ರಾಜ್ಯದಲ್ಲಿ. ರಷ್ಯಾದಿಂದ ಬಂದ ಜರ್ಮನ್ ಮೆನೊನೈಟರು, ಅಂದರೆ ಒಂದು ಕ್ರೈಸ್ತ ಪಂಥದವರು, ಚಳಿಗಾಲದ ಗೋಧಿ ಬೆಳೆದದ್ದು ಇಲ್ಲೇ. ಬಿಳಿಯರ, ಕರಿಯರ ಶಾಲೆಗಳು ಬೇರೆ ಬೇರೆ ಇರಕೂಡದು ಅಂತ 1954ರಲ್ಲಿ ಸುಪ್ರೀಂ ಕೋರ್ಟು ಹೇಳಿತಲ್ಲ, ಆ ಮೊಕದ್ದಮೆ ಹುಟ್ಟಿದ್ದು ಈ ರಾಜ್ಯದ ರಾಜಧಾನಿ ಟೊಪೀಕದಲ್ಲಿ.

ಸರಿ, ಜನ ಬಂದರು. ಇರುವುದೆಲ್ಲಿ? ಮನೆ ಇರಲಿಲ್ಲ. ಊರಿನ ಪೂರ್ವ ಅಂಚಿನಲ್ಲಿ ಟ್ರೇಲರ್ ಮನೆಗಳ ದೊಡ್ಡ ಬಡಾವಣೆ ಎದ್ದಿತು. ಸಾಲಾಗಿ ನಿಂತ ತಗಡಿನ ಮನೆಗಳು, ಬೇಸಿಗೆಯಲ್ಲಿ ಕಾವಲಿ, ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟುತ್ತದೆ. ಎರಡು ಮೂರು ಸಂಸಾರ ಒಂದೇ ಟ್ರೇಲರಿನಲ್ಲಿ ಇದ್ದದ್ದೂ ಉಂಟು. ಶಾಲೆಗಳು ತುಂಬಿ ತುಳುಕಿದವು. ವರ್ಷದ ನಡುವೆ ಬಂದು ಸೇರುವ ಮಕ್ಕಳು, ವರ್ಷದ ನಡುವೆ ಬಿಟ್ಟು ಹೋಗುವ ಮಕ್ಕಳು. ಕಳ್ಳತನ, ಕುಡಿತ, ಜಗಳವೂ ಹೆಚ್ಚಾಯಿತು. ಇದನ್ನು ಮುಚ್ಚಿಡಬೇಕಾಗಿಲ್ಲ. ಕಡಿಮೆ ಸಂಬಳದ ದೊಡ್ಡ ಕಾರ್ಖಾನೆ ಬಂದ ಕಡೆಯಲ್ಲೆಲ್ಲ ಇದು ನಡೆದಿದೆ. ಲಾಭ ಕಂಪನಿಗೆ, ಶಾಲೆ ಆಸ್ಪತ್ರೆಗಳ ಖರ್ಚು ಊರಿಗೆ.

ಊರು ಏನು ಮಾಡಿತು ಅನ್ನುವುದೇ ಇಲ್ಲಿ ನೋಡಬೇಕಾದದ್ದು. ಚರ್ಚುಗಳ ಪಾದ್ರಿಗಳು ಒಟ್ಟಾಗಿ ಮಾತಾಡಿಕೊಂಡರು. ದಿಕ್ಕಿಲ್ಲದೆ ಬಂದಿಳಿದವರಿಗೆ ಊಟ, ಹಾಸಿಗೆ ಕೊಡುವ ಎಮ್ಮಾಸ್ ಹೌಸ್ ಅನ್ನುವ ಮನೆ ಕಾರ್ಖಾನೆ ಬರುವ ಮುಂಚೆಯೇ, 1979ರಲ್ಲಿ, ಶುರುವಾಗಿತ್ತು. ಶಾಲೆಗಳು ಸ್ಪ್ಯಾನಿಷ್, ವಿಯೆಟ್ನಾಮಿ ಬಲ್ಲ ಸಹಾಯಕರನ್ನು ತರಗತಿಯೊಳಗೆ ಕೂರಿಸಿದವು. ಬಂದ ಮಗುವನ್ನು ಸುಮ್ನೆ ಹಿಂದಿನ ಬೆಂಚಿಗೆ ತಳ್ಳಲಿಲ್ಲ. ಇಂಗ್ಲಿಷ್ ಬರದ ಮಕ್ಕಳಿಗೆ ಕಲಿಸುವ ತರಬೇತಿಯನ್ನು ಶಿಕ್ಷಕರಿಗೆ ಕೊಟ್ಟವು. ಪೊಲೀಸರು ಹೊಸಬರ ಮುಖಂಡರ ಗುರುತು ಮಾಡಿಕೊಂಡರು. ಇದು ಜಗಳವಾದ ಮೇಲೆ ಹುಡುಕಿಕೊಂಡು ಹೋದದ್ದಲ್ಲ, ಜಗಳ ಆಗುವ ಮುಂಚೆಯೇ ಆದ ಪರಿಚಯ. 2012ರಲ್ಲಿ ಊರು ಹೊಸ ಹೈಸ್ಕೂಲು ಕಟ್ಟಡ ತೆರೆಯಿತು. ಅದಕ್ಕೆ ಸಾಲ ಮಾಡಲು ಒಪ್ಪಿ ಮತ ಹಾಕಿದವರು ಊರಿನವರೇ. ತಮ್ಮ ಮಕ್ಕಳಿಗಿಂತ ಬೇರೆಯವರ ಮಕ್ಕಳೇ ಜಾಸ್ತಿ ಓದುವ ಶಾಲೆಗೆ ತೆರಿಗೆ ಕಟ್ಟುವುದಿದೆಯಲ್ಲ, ನನ್ನ ಪ್ರಕಾರ ಹಬ್ಬದ ದಿನ ವೇದಿಕೆ ಮೇಲೆ ಎಲ್ಲ ದೇಶದ ಕುಣಿತ ಮಾಡಿಸುವುದಕ್ಕಿಂತ ಅದು ಹತ್ತು ಪಾಲು ದೊಡ್ಡದು.

1980ರ ದಶಕದ ಕೊನೆಯಲ್ಲಿ ಫೋರ್ಡ್ ಫೌಂಡೇಶನ್ ಅಮೆರಿಕದ ಆರು ಕಡೆ ಒಂದು ಅಧ್ಯಯನ ಮಾಡಿಸಿತು. ಹೊಸಬರಿಗೂ ಹಳಬರಿಗೂ ಸಂಬಂಧ ಹೇಗಿದೆ ಅಂತ. ಮಯಾಮಿ, ಹ್ಯೂಸ್ಟನ್, ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲಿಸ್ ಪಕ್ಕದ ಮಾಂಟೆರೆ ಪಾರ್ಕ್, ಆರನೆಯದು ನಮ್ಮ ಈ ಪುಟ್ಟ ಗಾರ್ಡನ್ ಸಿಟಿ. ಡೊನಾಲ್ಡ್ ಸ್ಟಲ್ ಅನ್ನುವ ಮಾನವಶಾಸ್ತ್ರಜ್ಞರ ತಂಡ ಅಲ್ಲಿಗೆ ಹೋಗಿ ನೆಲೆಸಿತು. ತಂಡದವರು ಶಾಲೆಯಲ್ಲಿ, ಟ್ರೇಲರ್ ಬಡಾವಣೆಯಲ್ಲಿ, ಕಾರ್ಖಾನೆಯ ಕೆಲಸಗಾರರ ನಡುವೆ ಇದ್ದು ನೋಡಿದರು. ಅವರು ಕಂಡದ್ದು ಬಣ್ಣದ ಚಿತ್ರವೇನಲ್ಲ. ಊರು ಹೊಸಬರಿಗೆ ಜಾಗ ಮಾಡಿಕೊಟ್ಟಿತ್ತು, ದೊಡ್ಡ ಗಲಾಟೆ ಆಗಿರಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಅವರವರು ಅವರವರ ಪಾಡಿಗೆ ಇದ್ದರು. ಊಟದ ಮನೆ ಬೇರೆ, ಪ್ರಾರ್ಥನೆಯ ಮನೆ ಬೇರೆ, ಮದುವೆಯ ಮನೆಯೂ ಬೇರೆ. ಒಂದೇ ಲೈನಿನಲ್ಲಿ ನಿಂತು ದುಡಿಯುವವರು ಒಬ್ಬರ ಮನೆಗೊಬ್ಬರು ಹೋಗುತ್ತಿದ್ದದ್ದು ಕಡಿಮೆ.

ಇದನ್ನು ಸೋಲು ಅಂತ ನಾನು ಕರೆಯುವುದಿಲ್ಲ. ದಿನವಿಡೀ ಚೂರಿ ಹಿಡಿದು ದಣಿದವನು ಸಂಜೆ ತನ್ನ ಭಾಷೆಯ ನಾಲ್ಕು ಜನರ ನಡುವೆ ಕೂರಲು ಬಯಸುವುದು ಸಹಜ. ನಾವು ವಾರವಿಡೀ ಆಫೀಸಿನಲ್ಲಿ ಇಂಗ್ಲಿಷ್ ಆಡಿ ಶನಿವಾರ ಇಲ್ಲಿಗೆ ಬಂದು ಬಿಸಿಬೇಳೆ ಬಾತಿಗೆ ಸಾಲು ನಿಲ್ಲುವುದೂ ಅದಕ್ಕೇ ತಾನೆ.

ಬೇರೆ ಊರುಗಳಲ್ಲಿ ಏನಾಯಿತು ನೋಡಿ. ಇದೇ ಕ್ಯಾನ್ಸಸ್‌ನ ಎಂಪೋರಿಯಾಕ್ಕೆ 2006ರ ಹೊತ್ತಿಗೆ ಮಾಂಸದ ಕೆಲಸಕ್ಕಾಗಿ ಸೊಮಾಲಿಗಳು ಬಂದರು. ಊರಿಗೆ ಮುಂಚೆ ಯಾರೂ ಏನೂ ಹೇಳಿರಲಿಲ್ಲ. ಗುಸುಗುಸು ಶುರುವಾಯಿತು, ರೋಗ ತಂದಿದ್ದಾರೆ ಅನ್ನುವ ಮಾತು ಎದ್ದಿತು, ಸಾರ್ವಜನಿಕ ಸಭೆಗಳಲ್ಲಿ ಕೂಗಾಟವಾಯಿತು. 2008ರ ಜನವರಿಯಲ್ಲಿ ಕಂಪನಿ ಅಲ್ಲಿ ದನ ಕಡಿಯುವ ವಿಭಾಗವನ್ನೇ ಮುಚ್ಚುವುದಾಗಿ ಹೇಳಿತು. ಕೆಲಸ ಕಳೆದುಕೊಂಡ ಸೊಮಾಲಿಗಳಲ್ಲಿ ಅನೇಕರು ಗಾರ್ಡನ್ ಸಿಟಿಗೆ ಬಂದರು. ಅದೇ ಜನ, ಅದೇ ಕೆಲಸ, ಅದೇ ರಾಜ್ಯ. ಊರು ಮಾತ್ರ ಬೇರೆ. ಈ ಊರಿಗೆ ಆಗಲೇ ಸುಮಾರು ಮೂವತ್ತು ವರ್ಷದ ಅಭ್ಯಾಸ ಇತ್ತು. ಶಾಲೆಗೆ ಹೊಸ ಭಾಷೆಯ ಮಗು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿತ್ತು.

ಅದೇ 2008ರಲ್ಲಿ ಪಕ್ಕದ ನೆಬ್ರಾಸ್ಕ ರಾಜ್ಯದ ಗ್ರ್ಯಾಂಡ್ ಐಲೆಂಡ್ ಊರಿನ ಮಾಂಸದ ಕಾರ್ಖಾನೆಯಲ್ಲಿ ರಂಜಾನ್ ತಿಂಗಳ ಸಂಜೆಯ ಪ್ರಾರ್ಥನೆಗೆ ಬಿಡುವು ಬೇಕು ಅಂತ ಸೊಮಾಲಿ ಕೆಲಸಗಾರರು ಹೊರನಡೆದರು. ಮ್ಯಾನೇಜರುಗಳು ಊಟದ ಬಿಡುವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರು. ಆಗ ಹಿಸ್ಪಾನಿಕ್ ಕೆಲಸಗಾರರೂ ಬೇರೆಯವರೂ ಎದ್ದರು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ ಅಂತ. ಒಬ್ಬ ಬಡವ ಇನ್ನೊಬ್ಬ ಬಡವನ ಎದುರು ನಿಂತ. ಸರಪಳಿ ಓಡುವ ವೇಗವನ್ನು ಒಂದಿಷ್ಟು ಇಳಿಸಿದ್ದರೆ ಇಬ್ಬರಿಗೂ ಬಿಡುವು ಸಿಗುತ್ತಿತ್ತೇನೋ ಅನ್ನುವುದು ನನ್ನ ಅನಿಸಿಕೆ.

ಈಗ ಎಲ್ಲಕ್ಕಿಂತ ಕಷ್ಟದ ಭಾಗಕ್ಕೆ ಬರುತ್ತೇನೆ.

2016ರ ಅಕ್ಟೋಬರ್ 14. ಮೂವರನ್ನು ಬಂಧಿಸಿರುವುದಾಗಿ ಅಧಿಕಾರಿಗಳು ಪ್ರಕಟಿಸಿದರು. ತಮ್ಮನ್ನು ತಾವು ಕ್ರುಸೇಡರ್ಸ್ ಅಂತ ಕರೆದುಕೊಂಡಿದ್ದ ಗುಂಪು ಅದು. ಗಾರ್ಡನ್ ಸಿಟಿಯಲ್ಲಿ ಸೊಮಾಲಿಗಳು ವಾಸವಿದ್ದ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯವನ್ನು ಅವರು ಗುರಿ ಮಾಡಿದ್ದರು. ಅದರಲ್ಲೇ ಒಂದು ಮನೆಯನ್ನು ಮಸೀದಿಯಾಗಿ ಬಳಸುತ್ತಿದ್ದರು. ನಾಲ್ಕು ಮೂಲೆಗೆ ಸ್ಫೋಟಕ ತುಂಬಿದ ನಾಲ್ಕು ಗಾಡಿಗಳನ್ನು ನಿಲ್ಲಿಸಿ ಸಿಡಿಸುವುದು ಅವರ ಯೋಜನೆ. ನವೆಂಬರ್ 8ರ ಅಧ್ಯಕ್ಷೀಯ ಚುನಾವಣೆಯ ಮರುದಿನಕ್ಕೆ ಮುಹೂರ್ತ. 1995ರಲ್ಲಿ ಒಕ್ಲಹೋಮ ಸಿಟಿಯಲ್ಲಿ 168 ಜನರನ್ನು ಕೊಂದ ಬಾಂಬು ಅವರಿಗೆ ಮಾದರಿ.

ಆ ಮೂವರೂ ಗಾರ್ಡನ್ ಸಿಟಿಯವರಲ್ಲ. ಇಬ್ಬರು ದಕ್ಷಿಣದ ಲಿಬರಲ್ ಊರಿನವರು, ಒಬ್ಬ ಡಾಡ್ಜ್ ಸಿಟಿ ಪಕ್ಕದ ಪುಟ್ಟ ಊರಿನವನು. ಅವರ ಮಾತುಗಳನ್ನು ತಿಂಗಳುಗಟ್ಟಲೆ ಗುಟ್ಟಾಗಿ ದಾಖಲು ಮಾಡಿ ಎಫ್‌ಬಿಐಗೆ ಕೊಟ್ಟವನು ಮಾತ್ರ ಗಾರ್ಡನ್ ಸಿಟಿಯ ಒಬ್ಬ ಸಾಮಾನ್ಯ ಮನುಷ್ಯ. ಅವನೂ ಅವರ ಥರದವನೇ, ಬಿಳಿಯ, ಬಂದೂಕು ಇಟ್ಟುಕೊಂಡವನು. ಅವರ ಗುಂಪಿನೊಳಗೆ ಸುಲಭವಾಗಿ ಬೆರೆತವನು. ಕೊಲ್ಲುವ ಮಾತು ನಿಜ ಅಂತ ಗೊತ್ತಾದಾಗ ಹೋಗಿ ಹೇಳಿದ. ಕೊನೆಗೆ ಆರೋಪಿಗಳಲ್ಲಿ ಒಬ್ಬನ ಗೆಳತಿ ಜಗಳವಾಡಿ ಪೊಲೀಸರಿಗೆ ಮನೆಯಲ್ಲಿದ್ದ ಮದ್ದುಗುಂಡುಗಳನ್ನು ತೋರಿಸಿದಳು. ಬಂಧನ ಬೇಗ ಆಗಲು ಅದೂ ಕಾರಣ. 2018ರ ಏಪ್ರಿಲ್‌ನಲ್ಲಿ ವಿಚಿಟಾದ ನ್ಯಾಯಾಲಯ ಮೂವರನ್ನೂ ಅಪರಾಧಿಗಳು ಅಂದಿತು. 2019ರ ಜನವರಿಯಲ್ಲಿ 25, 26 ಮತ್ತು 30 ವರ್ಷಗಳ ಸೆರೆವಾಸ ವಿಧಿಸಿತು.

ಬಂಧನದ ಸುದ್ದಿ ಬಂದಾಗ ಊರಿನ ಪೊಲೀಸ್ ಮುಖ್ಯಸ್ಥ ಮೈಕೆಲ್ ಅಟ್ಜ್ ಆ ಸೊಮಾಲಿ ಮನೆಗಳಿಗೇ ಹೋದರು. ಜನರನ್ನು ಸೇರಿಸಿ ಏನಾಯಿತು ಅಂತ ಹೇಳಿದರು, ನಿಮ್ಮ ಕಾವಲಿಗೆ ನಾವಿದ್ದೇವೆ ಅಂದರು. ಸುದ್ದಿ ಕೇಳಿ ಊರು ಬಿಟ್ಟ ಸೊಮಾಲಿಗಳೂ ಇದ್ದಾರೆ, ಉಳಿದವರೂ ಇದ್ದಾರೆ. ಯಾಕೆ ಉಳಿದರು ಅಂತ ನಾನು ಯೋಚಿಸಿದ್ದೇನೆ. ಆ ಪೊಲೀಸ್ ಅಧಿಕಾರಿಯ ಮುಖ ಅವರಿಗೆ ಹೊಸದಲ್ಲ. ಭಯದ ದಿನ ಬಾಗಿಲು ಬಡಿದವನು ಪರಿಚಿತ ಅನ್ನುವುದು ಸಣ್ಣ ವಿಷಯವಲ್ಲ. ಆ ಪರಿಚಯವನ್ನು ಆ ದಿನವೇ ಹುಟ್ಟಿಸಲು ಆಗುತ್ತಿರಲಿಲ್ಲ.

ಇದು ಸೊಮಾಲಿಗಳ ವಿಷಯ, ನಮಗೇನು ಅಂತ ಆಗ ಅಂದುಕೊಂಡ ಭಾರತೀಯರು ಇದ್ದರು. ನಾಲ್ಕು ತಿಂಗಳ ನಂತರ, 2017ರ ಫೆಬ್ರವರಿ 22ರಂದು, ಅದೇ ಕ್ಯಾನ್ಸಸ್‌ನ ಒಲೇಥಾದಲ್ಲಿ ಶ್ರೀನಿವಾಸ ಕೂಚಿಭೊಟ್ಲ ಗುಂಡಿಗೆ ಬಲಿಯಾದರು. ಹೈದರಾಬಾದಿನ ಕಡೆಯ ಇಂಜಿನಿಯರ್. ಕೆಲಸ ಮುಗಿಸಿ ಗೆಳೆಯನ ಜೊತೆ ಬಾರಿನ ಹೊರಗಿನ ಕಟ್ಟೆಯಲ್ಲಿ ಕೂತಿದ್ದರು. ನನ್ನ ದೇಶ ಬಿಟ್ಟು ತೊಲಗಿ ಅಂತ ಕೂಗಿ ಒಬ್ಬ ಗುಂಡು ಹಾರಿಸಿದ. ಇವರು ಇರಾನಿನವರು ಅಂತ ಅವನು ತಿಳಿದಿದ್ದ. ಗೆಳೆಯ ಅಲೋಕ್ ಮಾದಸಾನಿ ಗಾಯಗೊಂಡರು. ತಡೆಯಲು ಓಡಿದ ಇಯಾನ್ ಗ್ರಿಲಟ್ ಅನ್ನುವ ಬಿಳಿಯ ಯುವಕನಿಗೂ ಗುಂಡು ತಗುಲಿತು. ಆ ರಾತ್ರಿ ಇಡೀ ದೇಶದಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಫೋನು ರಿಂಗಾಯಿತು, ಊರಿನಿಂದ ಅಪ್ಪ ಅಮ್ಮ ಎಷ್ಟು ಅತ್ತರು, ನಿಮಗೇ ಗೊತ್ತು.

ದ್ವೇಷಕ್ಕೆ ನಮ್ಮ ಪದವಿ ಕಾಣುವುದಿಲ್ಲ. ವೀಸಾದ ಬಗೆಯೂ ಕಾಣುವುದಿಲ್ಲ.

ನಾವು ಕಾನೂನಿನ ಪ್ರಕಾರ ಬಂದವರು, ಓದಿ ಬಂದವರು, ಅವರ ಹಾಗಲ್ಲ ಅನ್ನುವ ಮಾತು ನಮ್ಮ ನಡುವೆ ಆಗಾಗ ಕೇಳುತ್ತದೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ನಿರಾಶ್ರಿತರು ಕೂಡ ಕಾನೂನಿನ ಪ್ರಕಾರವೇ ಬಂದವರು. 1980ರ ನಿರಾಶ್ರಿತರ ಕಾಯ್ದೆ ಅವರಿಗೆ ಬಾಗಿಲು. 1965ರ ವಲಸೆ ಕಾಯ್ದೆ ನಮಗೆ ಬಾಗಿಲು. ಅದಕ್ಕೂ ಮುಂಚೆ ಭಾರತೀಯರಿಗೆ ವರ್ಷಕ್ಕೆ ಬರೀ 100 ಜನರ ಮಿತಿ ಇತ್ತು. ಅದನ್ನೂ 1946ರಲ್ಲಿ ಕೊಟ್ಟದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ ಸಿಖ್ಖರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತ್ತು. 1965ರ ಕಾಯ್ದೆ ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, ಅದರ ಬಲದಿಂದ. ಲಾಠಿ ಏಟು ತಿಂದವರು ಅವರು. ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ನಾವೂ ಇದ್ದೇವೆ.

2020ರ ಏಪ್ರಿಲ್ ನೆನಪಿದೆಯೇ? ನಮ್ಮಲ್ಲಿ ಹೆಚ್ಚಿನವರು ಮನೆಯಿಂದ ಕೆಲಸ ಮಾಡುತ್ತಿದ್ದೆವು. ದೇಶದ ಮಾಂಸದ ಕಾರ್ಖಾನೆಗಳಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಿಗೆ ಕೋವಿಡ್ ಹರಡುತ್ತಿತ್ತು. ಫಿನ್ನಿ ಕೌಂಟಿಯಲ್ಲೂ ಹರಡಿತು. ಆ ತಿಂಗಳ 28ರಂದು ಕಾರ್ಖಾನೆಗಳು ನಡೆಯಲೇಬೇಕು ಅಂತ ಅಧ್ಯಕ್ಷರ ಆದೇಶ ಬಂತು. ಹೋದರೆ ರೋಗ, ಹೋಗದಿದ್ದರೆ ಬಾಡಿಗೆ ಇಲ್ಲ. ಆ ದಿನಗಳಲ್ಲಿ ಊರಿನ ಆರೋಗ್ಯ ಇಲಾಖೆಗೆ ಬೇಕಾಗಿದ್ದದ್ದು ಸೊಮಾಲಿ, ಬರ್ಮೀಸ್, ಸ್ಪ್ಯಾನಿಷ್ ಭಾಷೆಗಳಲ್ಲಿ ಸರಿಯಾಗಿ ವಿವರಿಸಬಲ್ಲ, ಜನ ನಂಬುವ ವ್ಯಕ್ತಿಗಳು. ಅಂಥವರು ಮುಂಚೆಯೇ ಇದ್ದ ಕಡೆ ಕೆಲಸ ನಡೆಯಿತು.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ನಿರಾಶ್ರಿತರಿಗೆ ನೆರವಾಗಲು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಗಾರ್ಡನ್ ಸಿಟಿಯಲ್ಲಿ ಕಚೇರಿ ನಡೆಸುತ್ತಿತ್ತು. 2018ರಲ್ಲಿ ಅದು ಮುಚ್ಚಿತು. 2016ರಲ್ಲಿ ವರ್ಷಕ್ಕೆ 85,000 ಇದ್ದ ನಿರಾಶ್ರಿತರ ಮಿತಿಯನ್ನು ಸರ್ಕಾರ ವರ್ಷವರ್ಷವೂ ಇಳಿಸುತ್ತಾ ಬಂದದ್ದೇ ಕಾರಣ. ಹೊಸಬರು ಬರದಿದ್ದರೆ ಕಚೇರಿಗೆ ಹಣ ಬರುವುದಿಲ್ಲ. ಆದರೆ ಬಂದು ನೆಲೆಸಿದವರ ಅಗತ್ಯ ನಿಂತಿರಲಿಲ್ಲವಲ್ಲ. ಗ್ರೀನ್ ಕಾರ್ಡಿನ ಅರ್ಜಿ, ಮಗುವಿನ ಲಸಿಕೆ, ಡ್ರೈವಿಂಗ್ ಪರೀಕ್ಷೆ, ಇವಕ್ಕೆಲ್ಲ ಯಾರ ಹತ್ತಿರ ಹೋಗಬೇಕು? ದೂರದ ವಾಷಿಂಗ್ಟನ್ನಿನಲ್ಲಿ ಒಂದು ಅಂಕಿ ಬದಲಾದರೆ ಕ್ಯಾನ್ಸಸ್‌ನ ಒಂದು ಬೀದಿಯಲ್ಲಿ ಬಾಗಿಲು ಮುಚ್ಚುತ್ತದೆ. ಉಳಿದ ಭಾರ ಮತ್ತೆ ಶಾಲೆಯ ಮೇಲೆ, ಚರ್ಚಿನ ಮೇಲೆ, ಮೊದಲೇ ಬಂದು ನೆಲೆಸಿದ ಸೊಮಾಲಿ ಅಣ್ಣಂದಿರ ಮೇಲೆ ಬಿತ್ತು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ನೀವು ಹೇಳುವ ಹಾಗೆ ಕೆಲಸವೇ ಇವರನ್ನೆಲ್ಲ ತಂದದ್ದಾದರೆ, ಕೆಲಸ ಹೋದ ದಿನ ಊರು ಖಾಲಿಯಾಗುವುದಿಲ್ಲವೇ?")

ಒಳ್ಳೆಯ ಪ್ರಶ್ನೆ ಸರ್. ಅದು ಒಂದು ಸಲ ನಡೆದಿದೆ. 2000ನೇ ಇಸವಿಯ ಕ್ರಿಸ್ಮಸ್ ರಾತ್ರಿ ಊರಿನ ಅಂಚಿನ ಎರಡನೇ ಕಾರ್ಖಾನೆ ಬೆಂಕಿಗೆ ಸಿಕ್ಕಿತು. ಆಗ ಅದು ಕಾನ್‌ಆಗ್ರಾ ಕಂಪನಿಯದು. ಸುಮಾರು 2,300 ಜನರ ಕೆಲಸ ಒಂದೇ ರಾತ್ರಿಯಲ್ಲಿ ಹೋಯಿತು. ಕಂಪನಿ ಅದನ್ನು ಮತ್ತೆ ಕಟ್ಟಲೇ ಇಲ್ಲ. 2000ದ ಜನಗಣತಿಯಲ್ಲಿ 28,451 ಇದ್ದ ಜನ 2010ಕ್ಕೆ 26,658ಕ್ಕೆ ಇಳಿದರು. ಅಂದರೆ ಹೋದವರು ಹೋದರು. ಆದರೆ ಊರು ಖಾಲಿಯಾಗಲಿಲ್ಲ, 2020ಕ್ಕೆ ಮತ್ತೆ 28,000 ದಾಟಿತು. ಮಕ್ಕಳು ಶಾಲೆಯಲ್ಲಿದ್ದವರು, ಸಾಲ ಮಾಡಿ ಮನೆ ಕೊಂಡವರು, ಸ್ವಂತ ಅಂಗಡಿ ಇಟ್ಟವರು ಅಷ್ಟು ಸುಲಭವಾಗಿ ಹೊರಡುವುದಿಲ್ಲ. 2019ರ ಆಗಸ್ಟಿನಲ್ಲಿ ಹಾಲ್ಕಂಬ್ ಕಾರ್ಖಾನೆಗೂ ಬೆಂಕಿ ಬಿತ್ತು. ಆದರೆ ಅದು ಡಿಸೆಂಬರ್ ಹೊತ್ತಿಗೆ ಮತ್ತೆ ಓಡತೊಡಗಿತು. ನನಗೆ ಬೆಂಕಿಗಿಂತ ದೊಡ್ಡ ಚಿಂತೆ ನೀರಿನದು. ಒಗಲಾಲದ ನೀರನ್ನು ಮಳೆ ತುಂಬುವುದಕ್ಕಿಂತ ಬೇಗ ಎತ್ತುತ್ತಿದ್ದಾರೆ. ಪಶ್ಚಿಮ ಕ್ಯಾನ್ಸಸ್‌ನ ಎಷ್ಟೋ ಬಾವಿಗಳಲ್ಲಿ ಮಟ್ಟ ಇಳಿದಿದೆ. ಜೋಳ ಹೋದರೆ ದನ ಹೋಗುತ್ತದೆ, ದನ ಹೋದರೆ ಕಾರ್ಖಾನೆ ಉಳಿಯುವುದಿಲ್ಲ. ಆಗ ಸೊಮಾಲಿಯೂ ಬಿಳಿಯ ರೈತನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

(ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ನಮ್ಮ ಸಂಘ ಏನಾದರೂ ಮಾಡಬಹುದಾ?")

ಮಾಡಬಹುದಮ್ಮ. ಅದಕ್ಕೆ ಗಾರ್ಡನ್ ಸಿಟಿಯವರೆಗೆ ಹೋಗಬೇಕಾಗಿಲ್ಲ. ನಾವಿರುವ ಈ ನಗರದಲ್ಲೂ ನಿರಾಶ್ರಿತರ ಕುಟುಂಬಗಳಿವೆ. ಅವರ ಮಕ್ಕಳಿಗೆ ಗಣಿತ ಹೇಳಿಕೊಡುವವರು ಬೇಕು. ನಮ್ಮಲ್ಲಿ ಅದಕ್ಕೇನು ಕೊರತೆ? ಡ್ರೈವಿಂಗ್ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ತಯಾರು ಮಾಡಿಸುವವರು ಬೇಕು. ಆಸ್ಪತ್ರೆಯ ಬಿಲ್ಲು ಓದಿ ಹೇಳುವವರು ಬೇಕು. ನಮ್ಮಲ್ಲಿ ಡಾಕ್ಟರುಗಳಿದ್ದಾರೆ. ಕೆಲವರು ವೀಸಾದ ನಿಯಮದಂತೆ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದವರು, ಇಂಥ ಕೆಲಸಗಾರರ ಊದಿದ ಮಣಿಕಟ್ಟುಗಳನ್ನು ಕೈಯಲ್ಲಿ ಹಿಡಿದು ನೋಡಿದವರು. ಅವರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಶಾಲಾ ಮಂಡಳಿಯ ಚುನಾವಣೆಗೆ ನಮ್ಮವರು ಮತ ಹಾಕಲು ಹೋಗುವುದೇ ಕಡಿಮೆ. ಪೌರತ್ವ ಇರುವವರು ಅದನ್ನಾದರೂ ಮಾಡಬೇಕು. ಇಲ್ಲಿ ಮುಂದಿನ ತಿಂಗಳು ಶಾಲೆಗಳ ಬಾಂಡ್‌ಗೆ, ಅಂದರೆ ಶಾಲೆಗಳಿಗಾಗಿ ಸಾಲ ಎತ್ತಲು, ಮತದಾನ ಇದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಅದರ ಮಾಹಿತಿ ಹಾಳೆಗಳನ್ನು ಇಟ್ಟಿದ್ದೇನೆ, ಊಟಕ್ಕೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ.